ಪಿಸ್ಟನ್ ಮೇಲಿನ ರೊಟ್ಟಿ ಹಿಟ್ಟು

ಇಂದು ಗುಡಗೇರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಇಂಜಿನ್ ಬಿಚ್ಚಿದ್ದ. ಆ ಡೀಸೆಲ್ ವಾಸನೆಗೆ ನಮ್ಮ ಹಿಟ್ಟಿನ ಗಿರಣಿ ನೆನಪಾಯಿತು.

ನಾನಾಗ ಸಣ್ಣವ. ನಾಗರ ಪಂಚಮಿ ಎದುರಿಗಿತ್ತು, ಹಬ್ಬಕ್ಕೆ ಊರವರು ಕಟ್ಟುವ ಉಂಡಿಗೆಲ್ಲ ಹಿಟ್ಟು ಬೀಸಬೇಕು, ಗಿರಣಿ ಇಂಜಿನ್ ಮಾತ್ರ ಕೆಟ್ಟು ಕೂತಿತ್ತು. ಕಾಕಾ ಬೇರೆ ಇಂಜಿನ್ನಿನದೊಂದು, ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ಕನೆಕ್ಟಿಂಗ್ ರಾಡ್ ತಂದು ಜೋಡಿಸಿದ. ರಾಡ್ ಉದ್ದವಾದರೆ ಪಿಸ್ಟನ್ ಮೇಲೇರಿ ಸಿಲಿಂಡರಿನ ಮುಚ್ಚಳಕ್ಕೆ, ಅಂದರೆ ಹೆಡ್ಡಿಗೆ ಬಡಿಯುತ್ತದೆ. ಅದಕ್ಕೆ ನಡುವೆ ಎಷ್ಟು ಸಂದು ಉಳಿಯುತ್ತದೆಂದು ಅಳೆಯಲು ಪಿಸ್ಟನ್ ಮೇಲೆ ಅವ್ವನ ರೊಟ್ಟಿ ಹಿಟ್ಟಿಟ್ಟು, ಹೆಡ್ ಬಿಗಿದು, ಕೈಯಿಂದ ತಿರುಗಿಸಿ ಬಿಚ್ಚಿದ. ಹಿಟ್ಟು ಹಾಳೆಯಷ್ಟು ತೆಳ್ಳಗಾಗಿತ್ತು; ಸಂದು ಸಾಲದು.

“ಇಷ್ಟ ತೆಳ್ಳಗ ಬಡಿಯಾಕ ನನಗೂ ಬರಂಗಿಲ್ಲ ತಮ್ಮಾ!” ಅವ್ವ ನಕ್ಕಳು.

“ನಗಬ್ಯಾಡ್ರಿ ವೈನಿ, ಇನ್ನೊಂದು ಮುದ್ದಿ ಕೊಡ್ರಿ.”

ಕಾಕಾ ತುಸು ಗಿಡ್ಡ ಪಿಸ್ಟನ್ ಹಾಕಿದ. ಈ ಸಲ ಹಿಟ್ಟು ರೊಟ್ಟಿಯಷ್ಟು ದಪ್ಪ ಉಳಿಯಿತು. ಹಿಟ್ಟು ತೆಗೆದು ಹೆಡ್ ಬಿಗಿದದ್ದೇ ಇಂಜಿನ್ ಡುಗುಡುಗು ಎಂದಿತು, ಸರದಿಯಲ್ಲಿದ್ದ ಹೆಂಗಸರೆಲ್ಲ ಹೋ ಎಂದರು.

ಇಂದಿನ ಮೆಕ್ಯಾನಿಕ್ ಅದೇ ಸಂದಿನ ಅಳತೆಗೆ ಜೇಡಿಮಣ್ಣು ಹುಡುಕುತ್ತಿದ್ದ. ನಾನು ಹೆಂಡತಿಗೆ ಫೋನ್ ಹಚ್ಚಿದೆ: “ರೊಟ್ಟಿ ಹಿಟ್ಟ ಒಂದೀಟು ಉಳದೈತೇನ?”