ಗುಬ್ಬಿಗೆ ಐದಿಂಚು, ಕಾಗೆಗೆ ಹದಿನೆಂಟು

ಆಕೆಯ ಕೊರಳಿಂದ ಅಳತೆಯ ಟೇಪು ಇಳಿದದ್ದನ್ನು ಕಂಡವರಿಲ್ಲ. ಹಾಗಾಗಿ ಬೀದಿಗೆಲ್ಲ ಟೇಪಮ್ಮ. ನಲವತ್ತು ವರ್ಷ ಅಂಗಿ, ಕೋಟು ಹೊಲಿದ ಕೈ. ಮೊಣಕಾಲು ಮುಷ್ಕರ ಹೂಡಿದ ಮೇಲೆ ಹೊಲಿಗೆ ಯಂತ್ರ ಕಿಟಕಿಯ ಪಕ್ಕಕ್ಕೆ ಬಂತು, ಗಿರಾಕಿಗಳು ಕಡಿಮೆಯಾದರು, ಹೊರಗಿನ ಹಕ್ಕಿಗಳು ಕಣ್ಣಿಗೆ ಬಿದ್ದವು.

ಎದುರು ಮಹಡಿಯ ಅಂಚಿಗೊಂದು ಕಬ್ಬಿಣದ ಕಂಬಿ. ಮನೆಯವರನ್ನು ಕೇಳಿ, ಗಂಡನನ್ನು ಏಣಿ ಹತ್ತಿಸಿ, ಅದರುದ್ದಕ್ಕೂ ಇಂಚಿಗೊಂದು ಬಿಳಿ ಗೆರೆ ಎಳೆಸಿದಳು. ದಿನಾ ಬೆಳಿಗ್ಗೆ ಏಳರಿಂದ ಎಂಟು ಗಂಟೆಯವರೆಗೆ, ಒಂದೇ ಜಾತಿಯ ಎರಡು ಹಕ್ಕಿ ಅಕ್ಕಪಕ್ಕ ಕೂತರೆ ಮಾತ್ರ ಲೆಕ್ಕ. ಎರಡು ತಿಂಗಳಿಗೆ ಸರಾಸರಿ ಸಿಕ್ಕಿತು: ಗುಬ್ಬಿಗೆ ಐದಿಂಚು, ಪಾರಿವಾಳಕ್ಕೆ ಏಳು, ಕಾಗೆಗೆ ಹದಿನೆಂಟು. ಮೈ ದೊಡ್ಡದಾದಷ್ಟೂ ನಡುವಿನ ಜಾಗ ದೊಡ್ಡದು ಎಂದು ನಾಲ್ಕು ಪುಟ ಬರೆದು, ಪಕ್ಷಿವೀಕ್ಷಕರ ಸಂಘದ ಮಾಸಿಕಕ್ಕೆ ಕಳಿಸಿದಳು. ಅದನ್ನು ನಡೆಸುವ ಕಾಲೇಜು ಮೇಷ್ಟ್ರು, ಸೋಮವಾರ ಅಚ್ಚಿಗೆ ಹೋಗುತ್ತದೆ ಎಂದರು. ಮದುವೆಯ ಕಾಗದ ಬಿಟ್ಟರೆ ಆಕೆಯ ಹೆಸರು ಅಚ್ಚಾಗುವುದು ಅದೇ ಮೊದಲು.

ಶನಿವಾರ ಉಗುರು ಕತ್ತರಿಸುತ್ತಾ ಕೂತಿದ್ದ ಗಂಡನಿಗೆ ಅದನ್ನು ಓದಿ ಹೇಳಿದಳು. ಆತ ನಿವೃತ್ತ ಬಸ್ ಕಂಡಕ್ಟರ್.

"ಎಲ್ಲಿಂದ ಎಲ್ಲಿಗೆ ಅಳೆದೆ?"

"ನಡುವಿಂದ ನಡುವಿಗೆ. ಅಂಗಿಗೆ ಗುಂಡಿ ಇಡೋದು ಹಾಗೇ ಅಲ್ವೇನ್ರೀ?"

"ಗುಂಡಿಗಳೆಲ್ಲ ಒಂದೇ ಗಾತ್ರ ಕಣೇ! ನನ್ನ ಬಸ್ಸಲ್ಲಿ ಇಬ್ಬರು ಡೊಳ್ಳುಹೊಟ್ಟೆಯವರು ಒತ್ತಿಕೊಂಡು ಕೂತಿದ್ರೆ, ಹೊಕ್ಕುಳಿಂದ ಹೊಕ್ಕುಳಿಗೆ ಅಳೆದು, ಒಂದೂವರೆ ಅಡಿ ಖಾಲಿ ಇದೆ, ಹತ್ತಿ ಹತ್ತಿ ಅನ್ನೋಕಾಗುತ್ತಾ?"

"ಟಿಕೆಟ್ ಹರಿಯೋರಿಗೆ ಹಕ್ಕಿ ವಿಷಯ ಏನು ಗೊತ್ತು!" ಎಂದಳು ಟೇಪಮ್ಮ. ಆದರೆ ಹಾಳೆ ಮಡಚಿಟ್ಟು ಕಿಟಕಿಯಾಚೆಯ ಕಂಬಿಯತ್ತ ನೋಡಿದಳು.

ಭಾನುವಾರ ಬೆಳಿಗ್ಗೆ ಕಂಬಿಯ ಗೆರೆಗಳ ಮೇಲೆ ಹಕ್ಕಿಗಳ ಮೈಯಗಲವನ್ನೇ ನೋಡಿದಳು. ಗುಬ್ಬಿ ಎರಡಿಂಚು. ಪಾರಿವಾಳ ಐದು. ಕಾಗೆಯೂ ಹೆಚ್ಚುಕಡಿಮೆ ಐದು. ಇದನ್ನು ಮೊದಲಿನ ಸರಾಸರಿಯಿಂದ ಕಳೆದರೆ ಉಳಿದ ಖಾಲಿ ಜಾಗ ಗುಬ್ಬಿಗಳ ನಡುವೆ ಮೂರಿಂಚು, ಕಾಗೆಗಳ ನಡುವೆ ಹದಿಮೂರು. ಪಾರಿವಾಳಗಳ ನಡುವೆ ಎರಡೇ! ಅಷ್ಟು ದೊಡ್ಡ ಹಕ್ಕಿ ಗುಬ್ಬಿಗಿಂತ ಹತ್ತಿರ ಕೂರುತ್ತಿತ್ತು. ನಿಯಮ ನೆಲಕಚ್ಚಿತು.

"ನಾನಂತೂ ಬಾಯಿ ಬಿಡೋಲ್ಲ," ಎಂದ ಗಂಡ, ಆಕೆಯ ಮುಖ ನೋಡಿ. "ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ."

ತೋಳು ಬಿಗಿಯಾದ ಕೋಟನ್ನು ಬಿಚ್ಚಿ ಹೊಲಿಯದೆ ಆಕೆ ಯಾರಿಗೂ ಕೊಟ್ಟವಳಲ್ಲ. ಫೋನ್ ಎತ್ತಿಕೊಂಡಳು.

"ಮೇಷ್ಟ್ರೇ, ನನ್ನ ಬರಹ ನಿಲ್ಲಿಸಿಬಿಡಿ. ಅಳತೆ ತಪ್ಪಿದೆ." ಗುಂಡಿಯ ಕಥೆಯಿಂದ ಪಾರಿವಾಳದವರೆಗೆ ಎಲ್ಲವನ್ನೂ ಒಪ್ಪಿಸಿದಳು.

ಮೇಷ್ಟ್ರು ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ, "ಪಾರಿವಾಳ ಯಾಕಮ್ಮಾ ಹಾಗೆ?"

"ಗೊತ್ತಿಲ್ಲ ಮೇಷ್ಟ್ರೇ."

"ಹಾಗಾದ್ರೆ ಅದನ್ನೇ ಬರೀರಿ. ಗುಂಡಿ ಲೆಕ್ಕ, ಅದು ಕೈಕೊಟ್ಟಿದ್ದು, ಗೊತ್ತಿಲ್ಲ ಅನ್ನೋದು, ಎಲ್ಲಾನೂ. ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ. ನಾಳೆ ಮಧ್ಯಾಹ್ನದವರೆಗೆ ನಿಮ್ಮ ಪುಟ ಕಾದಿಡ್ತೀನಿ."

ಟೇಪಮ್ಮ ಹೊಸ ಹಾಳೆ ತೆಗೆದಳು. ಗಂಡ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದು ಕೂತ.

"ಹೊಕ್ಕುಳಿನ ವಿಚಾರ ಹೇಳಿದ್ದು ಯಾರು ಅಂತಾನೂ ಬರಿ."

"ಬರೀತೀನಿ ಬಿಡ್ರೀ, ಸಣ್ಣ ಅಕ್ಷರದಲ್ಲಿ," ಎಂದು ನಗುತ್ತಾ ಪೆನ್ನಿನ ಮುಚ್ಚಳ ತೆಗೆದಳು.