ಇನಾಸನ ಹಾಡು, ಅನ್ನಾಳ ಬೆರಳು

ಹಳಿಯಾಳದ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಅನ್ನಾ ಸಿದ್ದಿಗೆ ನಲವತ್ತು ದಾಟಿದ ಮೇಲೆ ಗಿಟಾರ್ ಹಿಡಿಯುವ ಪ್ರಸಂಗ ಬಂತು. ಆಸೆಪಟ್ಟು ಹಿಡಿದದ್ದಲ್ಲ. ಹತ್ತಿರದ ಸಾಂಬ್ರಾಣಿ ಊರ ಕಡೆಯ ಸಿದ್ದಿ ಜನರಲ್ಲಿ ಮದುವೆಯೆಂದರೆ ಅವಳ ಅಣ್ಣ ಇನಾಸನ ಗಿಟಾರ್ ಇರಲೇಬೇಕಿತ್ತು. ಕ್ಯಾಸೆಟ್ ಕೇಳಿ ಕಲಿತ ಕೊಂಕಣಿ ಪಾಪ್ ಹಾಡೊಂದನ್ನು ಅವನು ಶುರುಮಾಡಿದನೆಂದರೆ ಮುದುಕಿಯರೂ ಎದ್ದು ಕುಣಿಯುತ್ತಿದ್ದರು. ಆದರೆ ಆ ವರ್ಷ ಲಾರಿಗೆ ನಾಟಾ ಏರಿಸುವಾಗ ದಿಮ್ಮಿ ಜಾರಿ ಅವನ ಎಡಗೈ ಜಜ್ಜಿತು. ಗಾಯವೇನೋ ಮಾಯಿತು, ಬೆರಳು ಮಡಚಲಾಗಲಿಲ್ಲ. ತಂತಿ ಒತ್ತುವ ಕೈ ಅದೇ.

ಅವನ ಮಗಳು ರೀನಾಳ ಮದುವೆ ಗೊತ್ತಾದಾಗ ಹುಡುಗಿ ಅನ್ನಾಳ ಹತ್ತಿರ ಬಂದು ಕೂತಳು. "ಅಪ್ಪನ ಹಾಡಿಲ್ದ ನನ್ನ ಮದವಿ ಹೆಂಗ ಆಗಬೇಕ, ಅತ್ತಿ? ನೀನರ ಕಲಿ."

ಬೆಳಗಿನಿಂದ ರೊಟ್ಟಿ ಬಡಿದು, ಬೋಗುಣಿ ತಿಕ್ಕಿ ಬಂದ ಅನ್ನಾ ಸಂಜೆ ಅಣ್ಣನ ಮನೆಯ ಕಟ್ಟೆಯ ಮೇಲೆ ಅವನೆದುರು ಕೂರತೊಡಗಿದಳು. ಇನಾಸ ಬಲಗೈಯಿಂದ ಅವಳ ಬೆರಳು ಹಿಡಿದು ಒಂದೊಂದಾಗಿ ತಂತಿಯ ಮೇಲೆ ಕೂರಿಸುತ್ತಿದ್ದ. ಬೆರಳು ಒಂದು ಕಾರ್ಡಿನ ಹಿಡಿತದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಾಡೇ ನಿಂತುಬಿಡುತ್ತಿತ್ತು. ತಂತಿ ಕೊರೆದ ಬೆರಳಿಂದಲೇ ಮರುದಿನ ಖಾರ ಕಲಸಬೇಕು.

"ಇದು ಕುಣಸೂ ಹಾಡಣ್ಣಾ. ನನ್ನ ಕೈಯಾಗ ಮಣ್ಣಿಗೆ ಹೊಂಟವರ ಹಾಡ ಆಗೇತಿ."

"ನಿಧಾನ ಆದ್ರ ಆಗ್ಲಿ. ಬಲಗೈ ನಿಲ್ಲಸಬ್ಯಾಡ. ತಪ್ಪಿದ್ರೂ ಬಾರಿಸ್ಕೋಂತ ಹೋಗು."

ಒಮ್ಮೆ ಗಿಟಾರಿನ ಮೇಲೆ ಗದ್ದ ಊರಿ ಅಲ್ಲೇ ತೂಕಡಿಸಿದಳು. ಅವನು ಎಬ್ಬಿಸಲಿಲ್ಲ. ಕಣ್ಣು ಬಿಟ್ಟಾಗ ಗಿಟಾರ್ ಅವನ ತೊಡೆಯ ಮೇಲಿತ್ತು. ಸೆಟೆದ ಬೆರಳುಗಳನ್ನು ಬಲಗೈಯಿಂದ ತಂತಿಗೆ ಒತ್ತಿ ಒತ್ತಿ ನೋಡುತ್ತಿದ್ದ. ಅನ್ನಾ ಮತ್ತೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಅವಳು ಯಾವತ್ತೂ ಸಾಕು ಅನ್ನಲಿಲ್ಲ.

ಮದುವೆಯ ದಿನ ಅಡುಗೆಯ ಉಸ್ತುವಾರಿಯೂ ಅವಳದೇ ಆಯಿತು. ಚರ್ಚಿನಿಂದ ಜನ ಬಂದು ಉಂಡ ಮೇಲೆ, ಮಸಿ ಹತ್ತಿದ ಸೀರೆಯಲ್ಲೇ ಚಪ್ಪರದಡಿ ಕೂತು ಬಾರಿಸತೊಡಗಿದಳು. ಹಾಡು ಕುಂಟುತ್ತ ಹೊರಟಿತು. ಯಾರೂ ಏಳಲಿಲ್ಲ. ರೀನಾಳೇ ಗಂಡನ ಕೈ ಹಿಡಿದೆಳೆದು ಆ ನಿಧಾನಕ್ಕೇ ಹೆಜ್ಜೆ ಹಾಕಿದಳು. ಅನ್ನಾಳ ಬೆರಳು ತಪ್ಪಿದಲ್ಲಿ ಹಿಂದೆ ನಿಂತಿದ್ದ ಇನಾಸ ದನಿಯೆತ್ತಿ ಹಾಡಿ ತಪ್ಪು ಮುಚ್ಚಿಬಿಟ್ಟ. ಮೊಣಕಾಲು ನೋವಿನ ಮುದುಕಿಯರು ಒಬ್ಬೊಬ್ಬರೇ ಎದ್ದರು. ಅವರಿಗೆ ಆ ವೇಗವೇ ಹಿತವಾಗಿತ್ತು.

ಹಾಡು ಮುಗಿದದ್ದೇ ತಡ, ಹರೆಯದವರು ಟೇಪ್ ಹಚ್ಚಿದರು. ಅನ್ನಾ ಗಿಟಾರನ್ನು ಅಣ್ಣನಿಗೆ ಕೊಟ್ಟು ಕಂಬಕ್ಕೆ ಒರಗಿದಳು.

"ನಡಬರಕ ಎರಡ ಕಡೆ ತಪ್ಪಿದಿ," ಎಂದ ಇನಾಸ. "ಮುಂದಿನ ಮದವಿಗೆ ತಿದ್ದೂಣು."

"ತಿದ್ದೂಣಂತ. ಮದಲ ಒಂದೀಟ ಮಲಗತೇನಿ," ಎಂದಳು.