ಸವೆದ ಪಿನ್ನಿನ ಅಳತೆ

ಮಿಲಿಟರಿ ಹರಾಜಿನಲ್ಲಿ ತಂದ ಹಳೇ ಜೀಪನ್ನು ಭಾನುವಾರಗಳಲ್ಲಿ ನಾನೇ ಬಿಚ್ಚಿ ಕಟ್ಟುತ್ತಿದ್ದೆ. ಸ್ಟೀರಿಂಗ್ ತಿರುಗಿಸಿದರೆ ಚಕ್ರ ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ, ಒಳಗಿನ ಪಿನ್ನನ್ನು ಹಿಡಿದಿಡುವ ಹಿತ್ತಾಳೆ ಬಳೆ, ಅಂದರೆ ಬುಷ್, ಸವೆದಿತ್ತು. ಮ್ಯಾನ್ಯುಯಲ್ ನೋಡಿ ಹೊಸದಕ್ಕೆ ಅಚ್ಚುಕಟ್ಟಾಗಿ ಡ್ರಾಯಿಂಗ್ ಬರೆದುಕೊಂಡು, ಪಿನ್ನನ್ನೂ ಜೇಬಿಗೆ ಹಾಕಿಕೊಂಡು, ಪೀಣ್ಯದಲ್ಲಿ ಲೇತ್ ಇಟ್ಟಿದ್ದ ಮುನಿಯಪ್ಪನವರ ಶೆಡ್ಡಿಗೆ ಹೋದೆ. ನಮ್ಮ ಕಾರ್ಖಾನೆಗೂ ಅವರೇ ಬುಷ್ ಮಾಡಿಕೊಡುತ್ತಿದ್ದರು. ಅವನ್ನು ಅಳೆದು ಪಾಸು, ರಿಜೆಕ್ಟು ಅನ್ನುವ ಇನ್‌ಸ್ಪೆಕ್ಟರು ನಾನು.

ಅವರು ಡ್ರಾಯಿಂಗ್ ನೋಡಲೇ ಇಲ್ಲ. "ಪಿನ್ ಕೊಡಿ ಸಾರ್" ಅಂದರು. ಅದನ್ನೇ ಅಳೆದು ಬುಷ್ ಕೊರೆದರು. ನಾನು ಅಭ್ಯಾಸಬಲದಿಂದ ವರ್ನಿಯರ್ ತೆಗೆದು ಅಳೆದೆ.

"ತೂತು ಚಿಕ್ಕದಾಯ್ತಲ್ರೀ. ಇದು ರಿಜೆಕ್ಟು."

"ನಿಮ್ ಡ್ರಾಯಿಂಗು ಹೊಸಾ ಪಿನ್ನಿಂದು ಸಾರ್. ಇದು ಸವೆದಿರೋದು. ಹಾಕ್ ನೋಡಿ."

ಹಾಕಿದೆ. ಒಂಚೂರೂ ಅಲುಗಾಡಲಿಲ್ಲ.

"ಫ್ಯಾಕ್ಟ್ರೀಲಿ ನೀವು ಪಿನ್ ತೋರ್ಸಲ್ಲ. ಬರೀ ಪೇಪರ್ ಕೊಡ್ತೀರ" ಅಂತ ನಕ್ಕರು.

ಸೋಮವಾರ ಕಾರ್ಖಾನೆಗೆ ಅವರು ಕಳಿಸಿದ್ದ ಬುಷ್‌ಗಳಲ್ಲಿ ಒಂದರ ತೂತು ಕೂದಲೆಳೆಯಷ್ಟು ಚಿಕ್ಕದಿತ್ತು. ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಟ್ಟೆ. ಸಂಜೆ ಜೀಪಿನಲ್ಲಿ ಮನೆಗೆ ಹೋದದ್ದು ಮಾತ್ರ, ಸ್ಟೀರಿಂಗಿನೊಳಗೆ ಕೂತಿದ್ದ ಅವರ ಇನ್ನೊಂದು ರಿಜೆಕ್ಟ್ ಬುಷ್ಷನ್ನು ನಂಬಿಕೊಂಡು.